ಲಿಂಗಸುಗೂರಿನಿಂದ ಸಿಂಧನೂರಿಗೆ ಹನ್ನೊಂದು ನೀರು

ಜೂನ್ ಒಂದು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಪಕ್ಕದ ಕೋಣೆಯಲ್ಲಿ ಕೂಸು ಎದ್ದಿದೆ, ಅಪ್ಪ ಇನ್ನೂ ಎದ್ದಿಲ್ಲ. ನಮ್ಮ ಮನೆಯ ಮಟ್ಟಿಗೆ ಇವೆರಡೂ ಹೊಸ ಸುದ್ದಿ. ಅದಕ್ಕೇ ಬರೆಯಲು ಕೂತೆ.

ತಾರೀಖು, ವೇಳೆ ಗುರುತು ಹಾಕಿಕೊಳ್ಳುವುದು ನನ್ನ ಚಟ. ಕಾಲುವೆಗೆ ನೀರು ಬಿಟ್ಟದ್ದು, ಅಜ್ಜಿ ಇನ್ನು ಮೇಲೆ ಧಾರಾವಾಹಿ ನೋಡುವುದಿಲ್ಲ ಎಂದು ಆಣೆ ಮಾಡಿದ್ದು, ಅದೇ ಸಂಜೆ ಆಣೆ ಮುರಿದದ್ದು, ಎಲ್ಲವೂ ನನ್ನ ದಿನಚರಿಯಲ್ಲಿವೆ. ಆದರೆ ಈ ಬೇಸಿಗೆಯಷ್ಟು ಕೆಲಸವನ್ನು ನನ್ನ ಪೆನ್ನು ಹಿಂದೆಂದೂ ಕಂಡಿರಲಿಲ್ಲ. ಅಣ್ಣ ಅಪ್ಪನಾದ, ಅಪ್ಪ ಅಜ್ಜನಾದರು, ನಾನು ಸೋದರತ್ತೆಯಾದೆ.

ಸೋದರತ್ತೆಯಾಗುವುದು ಸುಲಭವಲ್ಲ. ನಮ್ಮ ಕಡೆ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ. ಅವಳು ತೊಟ್ಟಿಲಿಗೆ ಬಾಗಿದಾಗ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಲಿಂಗಸುಗೂರಿನಲ್ಲಿ, ಅತ್ತಿಗೆಯ ತವರುಮನೆಯಲ್ಲಿ, ನಾನು ‘ಶಾಂಭವಿ’ ಎಂಬ ಮೂರಕ್ಷರ ಹೇಳಿ ಮುಗಿಸುವುದರೊಳಗೆ ಎಷ್ಟು ಗುದ್ದು ಬಿದ್ದವೆಂಬುದು ಮಾತ್ರ ನನ್ನ ಲೆಕ್ಕಕ್ಕೂ ಸಿಗಲಿಲ್ಲ. ಅವುಗಳಲ್ಲಿ ಅತ್ಯಂತ ಭಕ್ತಿಯಿಂದ ಬಿದ್ದದ್ದು ನಮ್ಮ ಅಜ್ಜಿಯದು.

ಕೂಸು ಹುಟ್ಟಿದ್ದು ಮಾರ್ಚಿನಲ್ಲಿ. ಅಪ್ಪ ನಿವೃತ್ತರಾಗುವುದು ಮೇ ಕೊನೆಯ ದಿನ. ಈ ಎರಡು ತಾರೀಖುಗಳ ನಡುವೆ ಅಪ್ಪನ ಒಂದು ಆಸೆ ಸಿಕ್ಕಿಕೊಂಡಿತು.

ಅಪ್ಪ ಸರ್ಕಾರಿ ಬಸ್ಸಿನ ಚಾಲಕರು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಅದೇ ದಾರಿಯಲ್ಲಿ ವಾಪಸು. ಮಸ್ಕಿಯಲ್ಲಿ ಹಿಂದಿನ ಕಾಲದ ಅರಸನೊಬ್ಬ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿ ಹೋಗಿದ್ದಾನೆ. ಆ ಊರನ್ನು ಅಪ್ಪ ಅವನಿಗಿಂತ ಎಷ್ಟೋ ಹೆಚ್ಚು ಸಲ ಹಾದಿದ್ದಾರೆ. ಯಾವ ಕಲ್ಲಿನ ಮೇಲೂ ಅಪ್ಪನ ಹೆಸರಿಲ್ಲ. ಬಸ್ಸು ವೇಳೆಗೆ ಸರಿಯಾಗಿ ಬಂದರೆ ಚಾಲಕನ ಹೆಸರನ್ನು ಯಾರೂ ಕೇಳುವುದಿಲ್ಲ, ಕೇಳಬಾರದು ಎನ್ನುವುದು ಅವರ ನಂಬಿಕೆ. ತವರಿನಿಂದ ಕೂಸು ಎತ್ತಿಕೊಂಡು ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು ಬಸ್ಸು ಹತ್ತಿದರೆ ಮಾತ್ರ ಅವರು ಕನ್ನಡಿಯಲ್ಲಿ ಒಮ್ಮೆ ನೋಡಿ, ದಾರಿಯುದ್ದಕ್ಕೂ ಬ್ರೇಕನ್ನು ಮೆತ್ತಗೆ ಒತ್ತುತ್ತಿದ್ದರು. ಇದು ನನಗೆ ಗೊತ್ತಾದದ್ದು ಕಂಡಕ್ಟರ್ ಹನುಮಂತಪ್ಪ ಹೇಳಿದ್ದರಿಂದ. ಊರಿನವರ ಮೊಮ್ಮಕ್ಕಳನ್ನೆಲ್ಲ ಮುಟ್ಟಿಸಿದವರು ಕೊನೆಯ ಟ್ರಿಪ್ಪಿನಲ್ಲಿ ತಮ್ಮ ಮೊಮ್ಮಗಳನ್ನು ತರಬೇಕೆಂದರು. ಅವರು ಮನೆಯಲ್ಲಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಬಾಣಂತಿ ಐದು ತಿಂಗಳು ತವರಿನಲ್ಲಿರಬೇಕು ಎಂದಳು ಅಜ್ಜಿ. ಆಮೇಲೆ ಬೆರಳು ಮಡಚಿ, ಮೂರನೆಯದೂ ಬೆಸ ತಿಂಗಳೇ ಎಂದು ಬಿಟ್ಟುಕೊಟ್ಟಳು. ಅಪ್ಪನ ಕೊನೆಯ ದಿನ ಶನಿವಾರ ಬಿತ್ತು. ಅದಕ್ಕೂ ಉಪಾಯವಿತ್ತು: ಗುರುವಾರವೇ ಅತ್ತಿಗೆಯ ಒಂದು ಚೀಲವನ್ನು ಎದುರುಮನೆಯಲ್ಲಿ ಇಡಿಸಿದರೆ ಅವಳು ಗುರುವಾರವೇ ಹೊರಟಂತೆ. ಅಜ್ಜಿಯ ಶಾಸ್ತ್ರದಲ್ಲಿ ಪ್ರತಿ ಗೋಡೆಗೂ ಒಂದು ಬಾಗಿಲಿರುತ್ತದೆ. ಆದರೆ ನೀರಿನ ವಿಷಯದಲ್ಲಿ ಬಾಗಿಲು ಸಿಗಲಿಲ್ಲ. ಕೂಸು ಮೊದಲ ಸಲ ನೀರು ದಾಟುವಾಗ ಗಂಗವ್ವನಿಗೆ ಎಲೆ ಅಡಿಕೆ ಬಿಡಬೇಕು. ಪ್ರತಿ ನೀರಿಗೂ ಬಸ್ಸು ನಿಲ್ಲಿಸಬೇಕು.

“ಬಸ್ ನಿಂದ್ರಂಗಿಲ್ಲವ್ವಾ,” ಎಂದರು ಅಪ್ಪ. “ಇಷ್ಟು ವರ್ಷದಾಗ ನನ್ನ ಸಲುವಾಗಿ ಒಮ್ಮೆನೂ ನಿಂದ್ರಿಸಿಲ್ಲ. ಕಡೀ ದಿನ ನಿಂದ್ರಿಸಲೇನು?”

“ಹಂಗಾರ ಕೂಸು ನಿನ್ನ ಬಸ್ಸಿನಾಗ ಬರಂಗಿಲ್ಲ. ಕಾರ್ ಮಾಡಿಸ್ತೀನಿ, ಕಾರಿಗೆ ನಿಂದ್ರಾಕ ಬರ್ತೈತಿ.”

ಅಪ್ಪ ಊಟದ ತಾಟಿನ ಮುಂದಿನಿಂದ ಎದ್ದು ಕೈ ತೊಳೆದರು. ಮತ್ತೆ ಆ ಮಾತೆತ್ತಲಿಲ್ಲ. ಆದರೆ ಆ ವಾರವೆಲ್ಲ ಅವರು ತಮ್ಮ ಖಾಕಿ ಅಂಗಿಯನ್ನು ಯಾರಿಗೂ ಕೊಡದೆ ತಾವೇ ಇಸ್ತ್ರಿ ಮಾಡಿಕೊಂಡರು. ಅದನ್ನು ನೋಡಿ ನನಗೇ ತಡೆಯಲಾಗಲಿಲ್ಲ.

ನಾನು ಅಜ್ಜಿಯ ಹತ್ತಿರ ವಕಾಲತ್ತಿಗೆ ಹೋದೆ. ನನ್ನ ವಾದ ಗಟ್ಟಿಯಾಗಿತ್ತು. ಬೇಸಿಗೆಯಲ್ಲಿ ಕಾಲುವೆ ಬತ್ತಿರುತ್ತದೆ. ನೀರೇ ಇಲ್ಲದ ಮೇಲೆ ದಾಟುವುದೇನನ್ನು? ಅಲ್ಲದೆ ಕಳಸಕ್ಕೆ ನೀರು ತುಂಬುವಾಗ ಕರೆಯುವ ನದಿಗಳಲ್ಲಿ ಎಡದಂಡೆ ಕಾಲುವೆಯ ಹೆಸರು ನಾನಂತೂ ಕೇಳಿಲ್ಲ, ಅದರ ಉಪಕಾಲುವೆಗಳದಂತೂ ದೂರವೇ ಉಳಿಯಿತು. ತುಂಗಭದ್ರೆ ಹೊಳೆಯಾಗಿದ್ದಾಗ ದೇವರು. ತೂಬು ದಾಟಿ ಗೊರೇಬಾಳದ ಭತ್ತದ ಗದ್ದೆಗೆ ಬಂದ ಮೇಲೂ ದೇವರೇ? ವರ್ಗವಾಗಿ ಬಂದ ಸಾಹೇಬರಿಗೆ ಹಳೆಯ ಊರಿನ ಅಧಿಕಾರ ನಡೆಯುತ್ತದೆಯೇ?

ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಅತ್ತಿಗಿ ತವರಿಗೆ ಹೋಗ್ಯಾಳ. ಹಂಗಂತ ಈ ಮನಿ ಸೊಸಿ ಅಲ್ಲೇನು ಆಕಿ? ಗಂಗವ್ವನೂ ಊರಿಗೆ ಹೋಗ್ಯಾಳ. ಮಳಿ ಬಿದ್ದಿಂದ ಬರ್ತಾಳ. ಮನಿ ಆಕೀದಽ.”

ಬತ್ತಿದ ಕಾಲುವೆಯ ಪರವಾಗಿ ಇಷ್ಟು ಒಳ್ಳೆಯ ಮಾತನ್ನು ನಾನು ಎಲ್ಲೂ ಓದಿಲ್ಲ. ಸೋತು ಬಂದೆ.

ದಾರಿ ತೋರಿಸಿದವನು ಹನುಮಂತಪ್ಪ. ತುರ್ವಿಹಾಳದವನು, ಟಿಕೆಟ್ಟಿಗಿಂತ ಸಲಹೆಗಳನ್ನೇ ಹೆಚ್ಚು ಹಂಚಿದ ಮನುಷ್ಯ. ಸೇತುವೆ ಬಂದಾಗ ಬಸ್ಸು ಹೇಗೂ ನಿಧಾನವಾಗುತ್ತದೆ, ಕಿಟಕಿಯಿಂದ ಎಲೆ ಬಿಟ್ಟರಾಯಿತು, ಆದರೆ ಯಾವಾಗ ನೀರು ಬರುತ್ತದೆಂದು ಮೊದಲೇ ಕೂಗಿ ಹೇಳುವವರು ಬೇಕು ಎಂದ. ಅಜ್ಜಿ, ಎಲೆ ರಸ್ತೆಯ ಮೇಲೆ ಬೀಳಬಾರದು, ಹಳ್ಳದೊಳಗೇ ಬೀಳಬೇಕು ಎಂಬ ಷರತ್ತಿನ ಮೇಲೆ ಒಪ್ಪಿದಳು. ಕೂಗುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ.

ನಾನು ಅಣ್ಣನ ಬೈಕಿನ ಹಿಂದೆ ಕೂತು ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಸರ್ವೆ ಮಾಡಿದೆ. ಹಳ್ಳ, ಕಾಲುವೆ, ಉಪಕಾಲುವೆ, ಮೋರಿಗಿಂತ ದೊಡ್ಡದಾಗಿ ಕಂಡದ್ದೆಲ್ಲ. ಬಿಸಿಲಿಗೆ ಅಣ್ಣ ಗೊಣಗುತ್ತಿದ್ದ. ರಸಗೊಬ್ಬರದ ಅಂಗಡಿ ಮುಚ್ಚಿ ಒಣಹಳ್ಳ ಎಣಿಸುವವನು ತಾನೊಬ್ಬನೇ ಇರಬೇಕೆಂದ. ಹನ್ನೊಂದು ಸಿಕ್ಕವು. ಅಜ್ಜಿ ಹನ್ನೊಂದು ಎಲೆಗಳಲ್ಲಿ ಅಡಿಕೆ, ಅರಿಶಿಣ ಇಟ್ಟು ದಾರ ಸುತ್ತಿದಳು.

ನಿನ್ನೆ ನಾನೂ ಅಜ್ಜಿಯೂ ಕರೆತರಲು ಹೋದೆವು. ಮಧ್ಯಾಹ್ನ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೀಗತಿ ಮಗಳ ಉಡಿ ತುಂಬಿ ಕಣ್ಣೊರೆಸಿಕೊಂಡರು. ಅತ್ತಿಗೆಯೂ ಅತ್ತಳು. ಹನುಮಂತಪ್ಪ ವೇಳೆಯಾಯಿತೆಂದು ಸೀಟಿ ಊದುವ ಮೊದಲು ತನ್ನ ಕಣ್ಣನ್ನೂ ಒರೆಸಿಕೊಂಡ. ಅಪ್ಪ ಮಾತ್ರ ಕನ್ನಡಿಯಲ್ಲಿ ಒಮ್ಮೆ ನೋಡಿ ಗೇರು ಹಾಕಿದರು.

ಆಗ ನನ್ನ ಪಟ್ಟಿ ನೋಡಿಕೊಂಡೆ. ಅದು ಸಿಂಧನೂರಿನಿಂದ ಶುರುವಾಗುತ್ತಿತ್ತು. ನಾವು ಹೊರಟದ್ದು ಲಿಂಗಸುಗೂರಿನಿಂದ. ಗುರುತುಗಳೆಲ್ಲ ತಲೆಕೆಳಗು: ‘ಬೇವಿನ ಮರ ದಾಟಿದ ಮೇಲೆ’ ಎಂದು ಬರೆದಿದ್ದ ಹಳ್ಳ ಈಗ ಬೇವಿನ ಮರಕ್ಕಿಂತ ಮೊದಲೇ ಬಂದು ನಿಂತಿತು. ನಾನು ಕೂಗುವಷ್ಟರಲ್ಲಿ ಬಸ್ಸು ಸೇತುವೆಯ ಮೇಲಿತ್ತು. ಅಜ್ಜಿ ಗಾಬರಿಯಲ್ಲಿ ಬಿಟ್ಟ ಎಲೆ ಗಾಳಿಗೆ ಹಿಂದಿನ ಕಿಟಕಿಯಿಂದ ಒಳಗೆ ಬಂದು, ರುಮಾಲಿನ ಹಿರಿಯರೊಬ್ಬರ ತೊಡೆಯ ಮೇಲೆ ಕೂತಿತು. ಅವರು ಏನೆಂದು ಕೇಳಿದರು, ಹನುಮಂತಪ್ಪ ಹೇಳಿದ. ಅವರು ಅದನ್ನು ಹಣೆಗೊತ್ತಿಕೊಂಡು, ಸೇತುವೆ ಮುಗಿಯುವ ಮೊದಲೇ ಗುರಿಯಿಟ್ಟು ಹಳ್ಳಕ್ಕೆ ಒಗೆದರು.

ಅಲ್ಲಿಂದ ಮುಂದೆ ಅದು ನಮ್ಮ ಮನೆಯ ಕೆಲಸವಾಗಿ ಉಳಿಯಲಿಲ್ಲ. ಎಲೆ ಹಾರದಿರಲೆಂದು ಅತ್ತಿಗೆ ಉಡಿಯೊಳಗಿನ ಉತ್ತತ್ತಿ ಕೊಟ್ಟಳು, ಒಂದೊಂದು ಎಲೆಗೆ ಒಂದೊಂದು ಕಟ್ಟಿದರು. ಸೇತುವೆಗಳನ್ನು ಪ್ರಯಾಣಿಕರೇ ಮೊದಲು ಕಂಡು ಹೇಳತೊಡಗಿದರು. ಮಸ್ಕಿ ಹಳ್ಳಕ್ಕೆ ಇಬ್ಬರು ಹುಡುಗಿಯರು ಬಿಟ್ಟರು. ಮಸ್ಕಿಯಲ್ಲಿ ಸಿಂಧನೂರಿನ ಕಡೆಯ ನಿರಾಶ್ರಿತರ ಕಾಲೊನಿ ಆರ್.ಎಚ್. ಕ್ಯಾಂಪಿನ ಬಂಗಾಳಿ ಹೆಂಗಸೊಬ್ಬರು ಹತ್ತಿದರು. ಮುಂದಿನ ಕಾಲುವೆಗೆ ಎಲೆ ಬೀಳುತ್ತಲೇ ಅವರು ನಾಲಿಗೆ ಹೊರಳಿಸಿ ‘ಉಲುಲುಲು’ ಎಂದು ನಾದ ತೆಗೆದರು. ಅಜ್ಜಿ ಬೆಚ್ಚಿ ತಿರುಗಿದಳು.

“ಶುಭ ಕೆಲಸಕ್ಕ ನಮ್ಮ ಮಂದ್ಯಾಗ ಹಿಂಗ ಮಾಡ್ತೇವ್ರಿ, ಅಜ್ಜಿ,” ಎಂದರು ಅವರು.

“ಮುಂದಿಂದಕ್ಕೂ ಮಾಡವ್ವಾ,” ಎಂದಳು ಅಜ್ಜಿ. “ಗಂಗವ್ವ ದೂರ ಹೋಗ್ಯಾಳ, ಆಕಿಗೂ ಕೇಳ್ಬೇಕಲ್ಲ.”

ಮುಂದಿನ ಪ್ರತಿ ಸೇತುವೆಗೂ ಬಸ್ಸು ತುಂಬ ಆ ನಾದ ಎದ್ದಿತು. ಹೊಲದಲ್ಲಿದ್ದವರು ತಿರುಗಿ ನೋಡಿದರು. ಕೂಸು ಒಮ್ಮೆಯೂ ಅಳಲಿಲ್ಲ. ಬ್ರೇಕು ಅಷ್ಟು ಮೆತ್ತಗಿತ್ತು. ಬಸ್ಸು ಎಲ್ಲೂ ನಿಲ್ಲಬಾರದ ಕಡೆ ನಿಲ್ಲಲಿಲ್ಲ. ಐದೂವರೆಗೆ ಸಿಂಧನೂರು ಮುಟ್ಟಬೇಕಾದದ್ದು ಒಂದು ನಿಮಿಷ ಮೊದಲೇ ಸ್ಟ್ಯಾಂಡಿಗೆ ಬಂದು ನಿಂತಿತು. ಹನುಮಂತಪ್ಪ ಗಡಿಯಾರ ತೋರಿಸಿ ನಕ್ಕ. ಇಳಿಯುವವರೆಲ್ಲ ಮೊದಲು ಕೂಸನ್ನು, ಆಮೇಲೆ ಚಾಲಕನನ್ನು ನೋಡಿ ಇಳಿದರು. ರುಮಾಲಿನ ಹಿರಿಯರು ಅಪ್ಪನ ಹೆಸರು ಕೇಳಿದರು. ವೇಳೆಗೆ ಸರಿಯಾಗಿ ಬಂದ ಬಸ್ಸಿನ ಚಾಲಕನ ಹೆಸರು ಕೇಳಿದ್ದು ಅದೇ ಮೊದಲು; ಅಪ್ಪ ಸಂಕೋಚದಿಂದ ಹೇಳಿದರು.

ಬಸ್ಸು ಖಾಲಿಯಾಯಿತು. ಅಜ್ಜಿಯ ಕೈಯಲ್ಲಿ ಒಂದು ಎಲೆ ಉಳಿದಿತ್ತು. ಹನ್ನೊಂದು ಕಟ್ಟಿದ್ದೆವು, ಹತ್ತು ಬಿಟ್ಟಿದ್ದೆವು. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಒಂದು ನೀರು ತಪ್ಪಿಹೋಗಿದ್ದರೆ ಅಜ್ಜಿ ಏನೆನ್ನುತ್ತಾಳೋ ಎಂದು ಮತ್ತೊಮ್ಮೆ ಓದಿದೆ.

ಅಜ್ಜಿ ಬೈಯಲಿಲ್ಲ. ಬಸ್ಸಿನ ಸುತ್ತ ನಡೆದು ಚಾಲಕನ ಬಾಗಿಲಿಗೆ ಬಂದಳು. ತನ್ನ ನೀರಿನ ಬಾಟಲಿ ತೆಗೆದು ಬಾಗಿಲ ಕೆಳಗಿನ ಮಣ್ಣಿನಲ್ಲಿ ಉದ್ದಕ್ಕೆ ಒಂದು ಗೆರೆ ಸುರಿದಳು. ಮೇಲೆ ಇನ್ನೂ ಸ್ಟೀರಿಂಗ್ ಹಿಡಿದು ಕೂತಿದ್ದ ಮಗನಿಗೆ ಎಲೆ ಚಾಚಿದಳು.

“ಇದು ನಿಂದು. ನೀನೂ ಇವತ್ತು ಒಂದು ನೀರು ದಾಟಾಕತ್ತೀಯಲ್ಲೋ. ಬಿಟ್ಟು ಇಳಿ, ಬಾ.”

ಅಪ್ಪ ಸ್ಟೀರಿಂಗಿನ ಮೇಲೆ ಒಮ್ಮೆ ಕೈಯಾಡಿಸಿದರು. ಎಲೆಯನ್ನು ಆ ಗೆರೆಯಲ್ಲಿ ಬಿಟ್ಟು, ನೀರು ತುಳಿಯದಂತೆ ಕಾಲೆತ್ತಿ ದಾಟಿ ಇಳಿದರು. ಬಂಗಾಳಿ ಹೆಂಗಸು ಇನ್ನೂ ಹೋಗಿರಲಿಲ್ಲ. ಸ್ಟ್ಯಾಂಡಿನ ಅಷ್ಟೂ ಗದ್ದಲದ ಮೇಲೆ ಅವರ ನಾದ ಎದ್ದಿತು. ಅತ್ತಿಗೆ ಕೂಸನ್ನು ಅಪ್ಪನ ತೋಳಿಗೆ ಕೊಟ್ಟಳು.

ಹಾಗಾಗಿ ಇಂದು ಅವರು ಇನ್ನೂ ಎದ್ದಿಲ್ಲ. ದಿನಚರಿಯಲ್ಲಿ ಹನ್ನೊಂದು ಎಂದೇ ಬರೆದಿದ್ದೇನೆ, ಲೆಕ್ಕ ಸರಿಹೋಗಿದೆ. ಆದರೂ ಚಟ ಬಿಡದು. ಲಿಂಗಸುಗೂರಿನಿಂದ ಸಿಂಧನೂರಿಗೆ ರಸ್ತೆ ಒಟ್ಟು ಎಷ್ಟು ನೀರು ದಾಟುತ್ತದೆ, ನಾನು ಬಿಸಿಲಿನಲ್ಲಿ ಎರಡು ಸಲ ಎಣಿಸಿದ್ದು ಯಾವುದನ್ನು ಎಂದು ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಅಜ್ಜಿಗೆ ಮಾತ್ರ ಓದಿ ಹೇಳುವುದಿಲ್ಲ.