ಸಂಗು ಕೇಳದ ಮನೆಯ ಬಾಡಿಗೆ

ಬಾಡಿಗೆ ಇಳಿಸಿ ಎಂದು ಕೇಳುವವರು ಸೂರು ಸೋರುತ್ತದೆ ಅನ್ನುತ್ತಾರೆ, ನೀರು ದೂರ ಅನ್ನುತ್ತಾರೆ, ತಿಗಣೆ ಕಾಟ ಅನ್ನುತ್ತಾರೆ. ನಾನು ಅದ್ಯಾವುದನ್ನೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಸಂಗು ಕೇಳಿಸುವುದಿಲ್ಲ, ಅದಕ್ಕೇ ಎರಡು ರೂಪಾಯಿ ಇಳಿಸಿ ಎಂದು ಕೇಳಿದೆ. ಈಗ ಇದನ್ನು ಹೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ ಬಿಡಿ. ಇಪ್ಪತ್ತು ತುಂಬದ ಹುಡುಗಿಯ ಸಂಕಟ ಇವರಿಗೇನು ಗೊತ್ತು?

ಚಿನ್ನದ ಗಣಿಯ ಸೈರನ್ನಿಗೆ ನಾವು ಸಂಗು ಅನ್ನುತ್ತಿದ್ದೆವು. ನಾನು ಹುಟ್ಟಿ ಬೆಳೆದದ್ದು ಕೋರಮಂಡಲ್‌ನ ಕಾರ್ಮಿಕರ ಸಾಲುಮನೆಗಳ ಲೈನುಗಳಲ್ಲಿ. ಅಲ್ಲಿ ಯಾರ ಮನೆಯಲ್ಲೂ ಗಡಿಯಾರವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಂಗು ಕೂಗಿದ ಮೇಲೆಯೇ ನಮ್ಮಮ್ಮ ಎಸರಿಗೆ ರಾಗಿ ಹಿಟ್ಟು ಹಾಕುತ್ತಿದ್ದಳು. ಕೂಗಿತು ಅಂದರೆ ಅಪ್ಪ ಭೂಮಿಯೊಳಗಿಂದ ಮೇಲೆ ಬಂದ, ಇನ್ನು ಮುದ್ದೆ ತೊಳಸಬಹುದು ಅಂತ. ಒಮ್ಮೊಮ್ಮೆ ಆಳದಲ್ಲಿ ಬಂಡೆ ಸಿಡಿದು ನೆಲ ಅದುರುತ್ತಿತ್ತು. ಗೂಡಿನ ಮೇಲಿನ ಪಾತ್ರೆಗಳು ಗಲಗಲ ಅಂದರೆ ಸಾಕು, ಹೆಂಗಸರೆಲ್ಲ ಕೈಲಿದ್ದದ್ದನ್ನು ಬಿಟ್ಟು ಬೀದಿಗೆ ಬಂದುಬಿಡುತ್ತಿದ್ದರು. ಭಯವೇ ಸರಿ, ಆದರೆ ಒಳಗೆ ಏನೋ ಆಗಿದೆ ಎಂದಾದರೂ ಗೊತ್ತಾಗುತ್ತಿತ್ತು.

ಐವತ್ತರ ದಶಕದ ನಡುವೆ ನನ್ನ ಮದುವೆಯಾಯಿತು. ಗಂಡನೂ ಗಣಿಯವರೇ. ಅವರಿಗಿನ್ನೂ ಕ್ವಾರ್ಟರ್ಸ್ ಸಿಕ್ಕಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಒಂದು ಕೋಣೆ, ಎಂಟು ಜನ. ನಡುವೆ ಒಂದು ಸೀರೆ ಇಳಿಬಿಟ್ಟು ಇದು ನಿಮ್ಮ ಕಡೆ ಅಂದರು. ಸತ್ಯ ಹೇಳುತ್ತೇನೆ, ಮದುವೆಯಾಗಿ ಎರಡು ತಿಂಗಳಾದರೂ ನಾನು ಗಂಡನ ಮುಖವನ್ನು ಬೆಳಕಿನಲ್ಲಿ ನೆಟ್ಟಗೆ ನೋಡಿರಲಿಲ್ಲ. ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಮನೆ ಹುಡುಕಿದರೆ ಬಾಡಿಗೆ ಕೇಳಿಯೇ ಓಡಿಬಂದೆವು. ಕೊನೆಗೆ ಬಂಗಾರಪೇಟೆಯಲ್ಲಿ ಒಂದು ಸಿಕ್ಕಿತು. ಸ್ಟೇಷನ್ನಿನ ಹಿಂದೆ, ಬೇಲಿಯಾಚೆ, ಒಂದು ಕೋಣೆ, ಒಂದು ಒಲೆಯ ಮೂಲೆ. ತಿಂಗಳಿಗೆ ಹದಿನಾಲ್ಕು ರೂಪಾಯಿ. ಅವರು ದಿನಾ ರೈಲಿನಲ್ಲಿ ಗಣಿಗೆ ಹೋಗಿ ಬರುವುದೆಂದಾಯಿತು.

ಮನೆಯೊಡೆಯರು ಅರವತ್ತು ದಾಟಿದ ಮುದುಕರು, ರೈಲ್ವೆಯಲ್ಲಿ ಗ್ಯಾಂಗ್ ಮೇಸ್ತ್ರಿಯಾಗಿದ್ದವರು. ಹಳಿ ರಿಪೇರಿ ಮಾಡುವ ಆಳುಗಳನ್ನು ನೋಡಿಕೊಳ್ಳುವ ಕೆಲಸ. ಮುಂದಿನ ಭಾಗದಲ್ಲಿ ಅವರೂ ಅವರ ಹೆಂಡತಿಯೂ ಇದ್ದರು, ಹಿಂದಿನ ಕೋಣೆ ನಮ್ಮದು. ಅವರನ್ನು ತಾತ ಅನ್ನುತ್ತಿದ್ದೆ, ಆಕೆಯನ್ನು ಅವ್ವ. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ತಾತನಿಗೆ ಸ್ಟೇಷನ್ನಿನ ಹುಚ್ಚು ಬಿಟ್ಟಿರಲಿಲ್ಲ. ಮಧ್ಯಾಹ್ನ ಉಂಡು ಬೇಲಿ ಸಂದಿಯಲ್ಲಿ ನುಸುಳಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತರೆ ಸಂಜೆಯವರೆಗೂ ಅಲ್ಲೇ.

ಸ್ವಂತ ಕೋಣೆ ಸಿಕ್ಕ ಖುಷಿ ಒಂದು ವಾರ ಇತ್ತು. ಆಮೇಲೆ ಶುರುವಾಯಿತು ನನ್ನ ಪಾಡು. ಬೆಳಗಿನ ಪಾಳಿಗೆ ಅವರು ಹೋದರೆ ನಾಲ್ಕು ಗಂಟೆಯ ರೈಲಿಗೆ ಬರಬೇಕು. ಅಲ್ಲಿಯವರೆಗೆ ಏನೂ ತಿಳಿಯದು. ಸಂಗು ಇಲ್ಲ, ಪಾತ್ರೆ ಅಲ್ಲಾಡುವುದಿಲ್ಲ, ಸುತ್ತ ಮುತ್ತ ಗಣಿಯ ಹೆಂಗಸೊಬ್ಬಳಿಲ್ಲ. ಬಾಗಿಲು ತಟ್ಟುವವರೆಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗುತ್ತಿದ್ದೆ. ಸಾಲದ್ದಕ್ಕೆ ಬಾಡಿಗೆ ಬೇರೆ. ಹನ್ನೆರಡಾಗಿದ್ದರೆ ಹೇಗೋ ತೂಗಿಸಬಹುದಿತ್ತು, ಹದಿನಾಲ್ಕು ನಮ್ಮ ಕೈಮೀರಿದ್ದು. ಹೀಗೇ ಆದರೆ ಮತ್ತೆ ಅಣ್ಣನ ಮನೆಗೇ, ಆ ಸೀರೆಯ ಹಿಂದಕ್ಕೇ. ಸತ್ತರೂ ಅಲ್ಲಿಗೆ ಹೋಗೋಲ್ಲ ಅಂತ ನಾನು. ಮಾತಾಡೋಕೆ ನಿಮಗೆ ಸಂಕೋಚವಾದರೆ ನಾನೇ ಕೇಳುತ್ತೇನೆ ಎಂದು ಗಂಡನಿಗೆ ಹೇಳಿ, ಅವರು ಗಣಿಗೆ ಹೋದ ಮೇಲೆ ಸೆರಗು ಬಿಗಿದುಕೊಂಡು ತಾತನ ಮುಂದೆ ನಿಂತೆ.

"ತಾತ, ಬಾಡಿಗೇಲಿ ಎರಡು ರೂಪಾಯಿ ಇಳ್ಸಿ."

"ಯಾಕಮ್ಮಣ್ಣಿ? ಸೂರು ಸೋರ್ತೈತಾ?"

"ಇಲ್ಲ."

"ನೀರು ಬತ್ತಿಲ್ವಾ?"

"ನೀರು ಐತೆ. ಸಂಗು ಇಲ್ಲ."

"ಏನಿಲ್ಲ?"

"ಸಂಗು, ತಾತ. ಗಣಿ ಸಂಗು. ನಮ್ಮ ಲೈನಲ್ಲಿ ಒಲೆ ಮುಂದೆ ಕುಂತ್ರೂ ಕೇಳ್ತಿತ್ತು. ನೆಲ ಅದುರಿದ್ರೆ ಪಾತ್ರೆ ಅಲ್ಲಾಡ್ತಿದ್ವು. ಇಲ್ಲಿ ಒಂದು ಲೋಟಾನೂ ಅಲ್ಲಾಡಲ್ಲ."

ಮುದುಕರು ತೊಡೆ ತಟ್ಟಿಕೊಂಡು ನಕ್ಕರು. "ಪಾತ್ರೆ ಅಲ್ಲಾಡಲ್ಲ ಅಂದ್ರೆ ಮನೆ ಗಟ್ಟಿಯಾಗೈತೆ ಅಂತ ಕಣಮ್ಮಣ್ಣಿ! ಅದಕ್ಕೆ ನೀನೇ ಇನ್ನೊಂದು ರೂಪಾಯಿ ಸೇರ್ಸಿ ಕೊಡ್ಬೇಕು."

ಬಾಗಿಲಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಅವ್ವ, "ಅಯ್ಯೋ, ಈ ಮಗ ಕೇಳೋದು ನೋಡು! ಬಾಡಿಗೆ ಮನೆಗೆ ಸಂಗು ಬೇರೆ ಕಟ್ಟಿಸ್ಕೊಡ್ಬೇಕಾ?" ಅಂದಳು.

ನನಗೆ ರೇಗಿಹೋಯಿತು. "ನಗ್ಬೇಡಿ ತಾತ. ಅವ್ರು ದಿನಾ ಭೂಮಿ ಒಳಕ್ಕೆ ಓಗ್ತಾರೆ. ಮೇಲಕ್ಕೆ ಬಂದ್ರೋ ಇಲ್ವೋ ನಂಗೆ ಯಾರು ಯೋಳ್ತಾರೆ? ಬಾಗ್ಲು ತಟ್ಟೋಗಂಟ ನನ್ನ ಜೀವ ಜೀವದಲ್ಲಿರಲ್ಲ. ಇಂಥಾ ಮನೆಗೆ ಹದಿನಾಕು ರೂಪಾಯಾ?" ಅಷ್ಟು ಅನ್ನುವುದರೊಳಗೆ ಅಳು ಬಂದುಬಿಟ್ಟಿತು. ಚೌಕಾಸಿ ಮಾಡಲು ಹೋದವಳು ಗೊಳೋ ಎಂದು ಅತ್ತುಕೊಂಡು ನಿಂತೆ. ಥೂ, ನೆನೆಸಿಕೊಂಡರೆ ಈಗಲೂ ನಾಚಿಕೆ.

ತಾತ ನಗುವುದನ್ನು ನಿಲ್ಲಿಸಿದರು. "ಬಾಡಿಗೆ ಇಳ್ಸಕ್ಕಾಗಲ್ಲಮ್ಮ. ಇದ್ರಲ್ಲೇ ನಾವಿಬ್ರೂ ಗಂಜಿ ಕಾಣ್ಬೇಕು. ಸಂಗು ಬೇಕಾದ್ರೆ ಕೊಡ್ತೀನಿ" ಅಂದರು. ಒಳಗೆ ಹೋಗಿ ಟ್ರಂಕು ತಡಕಿ ದಾರ ಕಟ್ಟಿದ ಹಿತ್ತಾಳೆಯ ಸೀಟಿಯೊಂದನ್ನು ತಂದರು. ರೈಲು ಬರುತ್ತಿದೆ, ಹಳಿ ಬಿಟ್ಟು ಸರೀರಿ ಎಂದು ಆಳುಗಳಿಗೆ ಮೂವತ್ತು ವರ್ಷ ಊದಿದ ಸೀಟಿ ಅದು. "ನಿನ್ನ ಗಂಡ ರೈಲಿಳಿದ ತಕ್ಷಣ ಬೆಂಚಿಂದಾನೇ ಒಂದು ಸಲ ಊದ್ತೀನಿ. ಪಾಸು ತೋರ್ಸಿ ಗೇಟ್ ಸುತ್ಕೊಂಡು ಮನೆಗೆ ಬರಕ್ಕೆ ಅವ್ನಿಗೆ ಒಂದು ಕಾಲ್ಗಂಟೆ ಆಯ್ತದೆ. ಎರಡು ಸಲ ಊದಿದ್ರೆ ಈ ರೈಲಲ್ಲಿಲ್ಲ, ಮುಂದಿನ ರೈಲಿಗೆ ಬತ್ತಾನೆ ಅಂತ ತಿಳ್ಕೊ. ಸರೀನಾ?"

ಸರಿಯೇ. ಬಾಡಿಗೆ ಒಂದು ಕಾಸೂ ಇಳಿಯಲಿಲ್ಲ, ನಾನು ಗೆದ್ದವಳ ಹಾಗೆ ಕೋಣೆಗೆ ಬಂದೆ. ಸ್ಟೇಷನ್ ಹೋಟೆಲಿಗೆ ಮುತ್ತುಗದ ಎಲೆ ಹಚ್ಚಿಕೊಡುವ ಕೆಲಸ ಹಿಡಿದು ಆ ಎರಡು ರೂಪಾಯಿಯನ್ನು ನಾನೇ ದುಡಿದೆ.

ಮೂರು ವರ್ಷ. ನಾಲ್ಕು ಗಂಟೆ ಹತ್ತಿರವಾದಂತೆ ಎಸರಿಟ್ಟು, ಹಿಟ್ಟಿನ ಮೊರ ಪಕ್ಕದಲ್ಲಿಟ್ಟುಕೊಂಡು, ಕಿವಿಯನ್ನು ಬೇಲಿಯ ಕಡೆ ಇಟ್ಟು ಕೂರುತ್ತಿದ್ದೆ. ರೈಲು ನಿಲ್ಲುವ ಸದ್ದು, ಜನರ ಗಲಾಟೆ, ಆಮೇಲೆ ಸೀಟಿ. ಹಿಟ್ಟು ಎಸರಿಗೆ ಬೀಳುತ್ತಿತ್ತು. ಅವರು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಬಿಸಿ ಮುದ್ದೆ ತಟ್ಟೆಯಲ್ಲಿ. ರಾತ್ರಿ ಪಾಳಿಯ ವಾರ ಬೆಳಗಿನ ರೈಲಿಗೂ ತಾತ ಹೋಗಿ ಕೂರುತ್ತಿದ್ದರು, ಚಳಿಯಲ್ಲಿ ಕಂಬಳಿ ಹೊದ್ದು. ಓವರ್‌ಟೈಮ್ ಇದ್ದರೆ ಜೊತೆಯವರು ಬಂದು ತಾತನಿಗೆ ಹೇಳುತ್ತಿದ್ದರು, ಎರಡು ಸೀಟಿ ಬೀಳುತ್ತಿತ್ತು. ಆಗ ನಾನು ಒಲೆಯ ಸೌದೆ ಹಿಂದಕ್ಕೆಳೆದು ಎಲೆ ಹಚ್ಚುತ್ತಾ ಕೂರುತ್ತಿದ್ದೆ. ಅಷ್ಟು ನೆಮ್ಮದಿಯಾಗಿ ನಾನು ಬದುಕಿದ್ದು ಆ ಮೂರು ವರ್ಷ ಮಾತ್ರ.

ಒಂದು ದಿನ ರೈಲು ಬಂತು, ಜನ ಇಳಿದ ಗಲಾಟೆಯೂ ಆಯಿತು, ಸೀಟಿ ಬೀಳಲಿಲ್ಲ. ಒಂದೂ ಇಲ್ಲ, ಎರಡೂ ಇಲ್ಲ. ಎಸರು ಕುದಿದು ಕುದಿದು ತಳ ಕಂಡಿತು. ಓಡಿಹೋಗಿ ಅವ್ವನನ್ನು ಕೇಳಿದರೆ ತಾತ ಮನೆಗೆ ಬಂದಿಲ್ಲ. ಬೇಲಿ ನುಸುಳಿ ಸ್ಟೇಷನ್ನಿಗೆ ಹೋದರೆ ಬೆಂಚು ಖಾಲಿ. ಟೀ ಮಾರುವವನು, "ಮುದುಕಪ್ಪ ನಿನ್ನ ಗಂಡನ ಜೊತೆಯವ್ರತ್ರ ಅದೇನೋ ಕೇಳ್ದ. ಆಮೇಲೆ ಗಣಿ ಕಡೆ ಓಗೋ ರೈಲು ಅತ್ತಿಬಿಟ್ಟ" ಅಂದ. ಮನೆಗೆ ಹೇಗೆ ಬಂದೆನೋ ತಿಳಿಯದು. ಪಾತ್ರೆಗೆ ಮತ್ತೆ ನೀರು ಹಾಕಿ ಒಲೆಯ ಮುಂದೆ ಕೂತೆ. ನೀರು ಕುದಿಯುತ್ತಿದ್ದರೆ ಅವರು ಬಂದೇ ಬರುತ್ತಾರೆ ಅನ್ನುವ ಹುಚ್ಚು.

ಹೊತ್ತು ಮುಳುಗುವ ಮುಂಚಿನ ರೈಲಿಗೆ ಸೀಟಿ ಬಿತ್ತು. ಒಂದೇ. ಉಸಿರು ಮುಗಿಯುವವರೆಗೆ ಊದಿದ ಹಾಗೆ ಉದ್ದಕ್ಕೆ.

ಇಬ್ಬರೂ ಒಟ್ಟಿಗೆ ಬಂದರು. ನನ್ನ ಗಂಡನ ಮುಖ ಅರಳಿತ್ತು. ಪಾಳಿ ಮುಗಿದ ಮೇಲೆ ಗಣಿಯ ಆಫೀಸಿಗೆ ಹೋಗಿ ಕಾದು ಕೂತಿದ್ದರಂತೆ. ನಮಗೆ ಕ್ವಾರ್ಟರ್ಸ್ ಸಿಕ್ಕಿತ್ತು, ಅದೂ ಕೋರಮಂಡಲ್‌ನಲ್ಲಿ. ನಾನು ತಾತನ ಮೇಲೆ ಹರಿಹಾಯ್ದೆ. ಎರಡು ಸಲ ಊದಿ ಹೋಗೋಕೆ ಏನಾಗಿತ್ತು ಎಂದು.

"ಎರಡು ಊದಿದ್ರೆ ಮುಂದಿನ ರೈಲಿಗೆ ಬತ್ತಾನೆ ಅಂತ ನಿಂಗೆ ಮಾತು ಕೊಟ್ಟಂಗಲ್ವಾ ಅಮ್ಮಣ್ಣಿ? ಜೊತೆಯವ್ರು ಅವ್ನನ್ನ ಕಾಣ್ಲಿಲ್ಲ ಅಂದ್ರು. ನಂಗೇ ಗೊತ್ತಿಲ್ದೆ ಎಂಗೆ ಊದ್ಲಿ?" ಅಂದರು ತಾತ. ಅದಕ್ಕೇ ಸ್ವತಃ ಹೋಗಿ ಗಣಿಗಿಳಿಯುವ ಶಾಫ್ಟಿನ ಬಾಗಿಲಿಂದ ಆಫೀಸಿನವರೆಗೆ ಕೇಳಿಕೊಂಡು ಅಲೆದು ಅವರನ್ನು ಹುಡುಕಿ ಕರೆತಂದಿದ್ದರು.

ಆಗಲಾದರೂ ನನಗೆ ಬುದ್ಧಿ ಬೇಡವೇ? ಕ್ವಾರ್ಟರ್ಸ್ ಎಂದ ತಕ್ಷಣ ನಾನು ಕುಣಿದುಬಿಟ್ಟೆ. "ಅಲ್ಲಿ ಸಂಗು ಕೇಳ್ತದೆ ತಾತ! ಇನ್ಮೇಲೆ ನಿಮ್ಗೆ ಸೀಟಿ ಊದೋ ಕಷ್ಟ ಇಲ್ಲ" ಅಂದೆ.

"ಕಷ್ಟ ಅಂತ ಯಾವತ್ತಾದ್ರೂ ಯೋಳಿದ್ನಾ?" ಅಂದು ತಾತ ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಪಾತ್ರೆ ಕಟ್ಟುತ್ತಿದ್ದಾಗ ಬಾಗಿಲಿಗೆ ಬಂದು ನಿಂತರು. "ಹನ್ನೆರಡು ಕೊಡು, ಸಾಕು" ಅಂದರು. ನಾನು ನಕ್ಕೆ. "ಓಗ್ಲಿ, ಹತ್ತು ಕೊಡು." ನಾನು ತಮಾಷೆ ಎಂದುಕೊಂಡು ಇನ್ನೂ ನಕ್ಕೆ. ತಾತ ಹೊಸಿಲು ನೋಡುತ್ತಾ ನಿಂತಿದ್ದರು. "ಬಾಡಿಗೆ ಮಾತು ಬಿಡು. ಎಷ್ಟಾದ್ರೂ ಕೊಡು. ಇರಮ್ಮ" ಅಂದರು. ನಾನು ಇರಲಿಲ್ಲ. ಆ ವಾರವೇ ಗಾಡಿ ಕಟ್ಟಿಕೊಂಡು ಹೊರಟೆವು.

ಕ್ವಾರ್ಟರ್ಸಿನಲ್ಲಿ ಸಂಗು ಚೆನ್ನಾಗಿಯೇ ಕೇಳುತ್ತಿತ್ತು, ಕಿವಿ ಕಿತ್ತುಹೋಗುವಷ್ಟು. ಮೊದಲ ದಿನವೇ ನನಗೆ ಒಂದು ತಿಳಿಯಿತು. ಪಾಳಿ ಮುಗಿಯಿತು ಎಂದಷ್ಟೇ ಅದು ಕೂಗುತ್ತದೆ. ಇಂಥವಳ ಗಂಡ ಮೇಲೆ ಬಂದ ಎಂದು ಕೂಗುವುದಿಲ್ಲ. ಅಮ್ಮ ಹಾಗೆಂದುಕೊಂಡಿದ್ದಳು, ನಾನೂ ಹಾಗೆಂದುಕೊಂಡೇ ಬೆಳೆದಿದ್ದೆ. ಎಸರಿನ ಮುಂದೆ ಹಿಟ್ಟು ಹಿಡಿದು ಕೂತವಳು, ಅವರು ಬಾಗಿಲು ತಟ್ಟುವವರೆಗೂ ಹಾಕಲಿಲ್ಲ.

ಈಗ ಅವರೂ ಇಲ್ಲ, ಗಣಿಯೂ ಮುಚ್ಚಿದೆ, ಸಂಗೂ ಇಲ್ಲ. ನಾಲ್ಕು ಗಂಟೆಯಾದರೆ ಮಾತ್ರ ನನ್ನ ಕಿವಿ ಇನ್ನೂ ಆ ಬೇಲಿಯ ಕಡೆಗೇ ಹೋಗುತ್ತದೆ. ಆ ಕೋಣೆಯನ್ನು ಇವತ್ತು ಯಾರಾದರೂ ಕೊಟ್ಟರೆ ಕೇಳಿದಷ್ಟು ಬಾಡಿಗೆ ಕೊಡುತ್ತೇನೆ, ತುಟಿ ಎರಡು ಮಾಡುವುದಿಲ್ಲ.

ಆ ಸೀಟಿಯನ್ನು ಕೊನೆಯ ಸಲ ಕೇಳಿದ್ದು ಅರವತ್ತರ ದಶಕ ಮುಗಿಯುತ್ತ ಬಂದಾಗ. ನೆಂಟರ ಮದುವೆಗೆಂದು ನಾವಿಬ್ಬರೂ ಅದೇ ನಾಲ್ಕರ ರೈಲಿನಲ್ಲಿ ಬಂಗಾರಪೇಟೆಗೆ ಹೋದೆವು. ಅವರು ಮುಂದೆ ಇಳಿದರು, ನಾನು ಗಂಟು ಹಿಡಿದು ಹಿಂದೆ. ಬೆಂಚಿನ ಮೇಲೆ ತಾತ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ನನ್ನ ಗಂಡನನ್ನು ಹುಬ್ಬಿಗೆ ಕೈಯಿಟ್ಟು ನೋಡಿದರು, ಎದ್ದು ನಿಂತರು, ಅಂಗಿಯೊಳಗೆ ಕೈ ಹಾಕಿ ಸೀಟಿ ತೆಗೆದು ಬೇಲಿಯ ಕಡೆ ತಿರುಗಿ ಒಂದು ಸಲ ಊದಿದರು. ಆ ಸೀಟಿಯನ್ನು ಊದುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಹತ್ತಿರ ಹೋಗಿ ಕೈ ಹಿಡಿದುಕೊಂಡೆ.

"ತಾತ, ನಾನು ಇಲ್ಲೇ ಇದೀನಿ."

ದನಿ ಗುರುತು ಸಿಕ್ಕಿತು. ಗದರಿಕೊಂಡರು. "ಇಲ್ಲಿ ಯಾಕಮ್ಮಣ್ಣಿ ನಿಂತಿದೀಯಾ? ಅವ್ನು ಇಳ್ದ. ಓಗು, ಎಸರಿಗೆ ಹಿಟ್ಟಾಕು."

ನಾನು ಗಂಟನ್ನು ಅಲ್ಲೇ ಬಿಟ್ಟು ಬೇಲಿಯ ಸಂದಿಯವರೆಗೂ ಓಡಿದೆ.