ಶಾಂಘೈ ಹೊಳೆದಂಡೆಯಲ್ಲಿ ಗಂಡನ ಹೆಸರು

ಗಂಡನ ಹೆಸರು ಹೇಳಬಾರದೆಂದು ನಮ್ಮ ಕೊಳ್ಳೇಗಾಲದಲ್ಲಿ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ತಾನಾಗಿ ಬಂದುಬಿಡುತ್ತದೆ. ಕಾನ್ವೆಂಟಿನಲ್ಲಿ ಮದರ್ ಎದುರು ಇಂಗ್ಲಿಷ್ ಪೊಯೆಟ್ರಿ ಒಪ್ಪಿಸುತ್ತಿದ್ದ ನನಗೂ ಹಾಗೆಯೇ ಬಂದಿತ್ತು. ಮದುವೆಯ ದಿನದಿಂದ ಅವರು ನನಗೆ "ಏನೂಂದ್ರೆ". ಅಷ್ಟೇ.

ರೇಷ್ಮೆ ಸಾಹುಕಾರರೊಬ್ಬರ ಪರವಾಗಿ ಚೀನಾದ ದಾರ ಆರಿಸಿ ಕಳಿಸುವ ಕೆಲಸಕ್ಕೆ ಅವರು ಶಾಂಘೈಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮರುವರ್ಷವೇ ಜಪಾನಿನವರ ಯುದ್ಧ ಆ ಊರ ಬಾಗಿಲಿಗೆ ಬಂತು. ನಮ್ಮಂಥವರನ್ನು ಊರಿಗೆ ಒಯ್ಯುವ ಹಡಗು ದೂರದಲ್ಲಿ, ನದಿ ಸಮುದ್ರ ಸೇರುವ ಕಡೆ ನಿಂತಿತ್ತು. ಅಲ್ಲಿಗೆ ಕರೆದೊಯ್ಯುವ ಕೊನೆಯ ಲಾಂಚ್ ಮಧ್ಯಾಹ್ನಕ್ಕೆ. ಜೆಟ್ಟಿಯಲ್ಲಿ ಕ್ಯೂ ನಿಂತ ಮೇಲೆ ಅವರು ಜೇಬು ತಡವಿಕೊಂಡರು. ಊರಿಂದ ಹೊರಡುವಾಗ ಅವರವ್ವ ಕೊಟ್ಟಿದ್ದ ಮಾದಪ್ಪನ ಬೆಟ್ಟದ ವಿಭೂತಿ ರೂಮಿನಲ್ಲೇ ಉಳಿದಿತ್ತು. ಅವ್ವ ತೀರಿಕೊಂಡರೆಂದು ಟೆಲಿಗ್ರಾಂ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಮಾದಪ್ಪನ್ನ ಬುಟ್ಬುಟ್ಟು ಓಗದಾ? ಇಲ್ಲೇ ಇರಮ್ಮಿ, ಓಗಿ ಬಂದ್ಬುಡ್ತೀನಿ."

"ಬೇಡಿ, ಲಾಂಚ್ ಮಿಸ್ ಆಗುತ್ತೆ!"

"ನಿನ್ ಮಿಸ್ಸು ಗಿಸ್ಸೆಲ್ಲ ಕಾನ್ವೆಂಟಲ್ಲೇ ಮಡಿಕ್ಕೊ."

ಹೋದವರು ಬರಲಿಲ್ಲ. ಲಾಂಚ್ ಮೊದಲ ಸಲ ಕೂಗಿತು. ಟ್ರಂಕನ್ನು ಕ್ಯೂನಲ್ಲಿದ್ದ ಇಂಗ್ಲಿಷ್ ಮುದುಕಿಯೊಬ್ಬಳಿಗೆ ಒಪ್ಪಿಸಿ ನದಿಯ ದಂಡೆ ಹಿಡಿದು ಸೇತುವೆಯ ಕಡೆ ನಡೆದೆ. ರೂಮು ಸೇತುವೆಯಾಚೆ.

ಸಂಜೆ ನಾವಿಬ್ಬರೂ ವಾಕಿಂಗ್ ಹೋಗುತ್ತಿದ್ದ ದಾರಿಯೇ ಅದು. ಎಡಕ್ಕೆ ಬ್ಯಾಂಕುಗಳ ಕಲ್ಲುಕಟ್ಟಡ. ಬಲಕ್ಕೆ, "ನಮ್ಮೂರ ಕೆರೆನೇ ವಾಸಿ ಕಣಮ್ಮಿ" ಎಂದು ಅವರು ನಗುತ್ತಿದ್ದ ಕದಡಿದ ನೀರು. ದೋಣಿಯೊಂದರಲ್ಲಿ ಹೆಂಗಸೊಬ್ಬಳು ಒಲೆ ಊದುತ್ತಿದ್ದಳು. ಆ ದೋಣಿಯೇ ಅವಳ ಮನೆ, ಅವಳೆಲ್ಲಿಗೆ ಹೋದಾಳು? ಎದುರಿನಿಂದ ಜನವೋ ಜನ, ಹಾಸಿಗೆ ಸುರುಳಿ, ಕೋಳಿಪಂಜರ, ಬೆನ್ನ ಮೇಲೆ ಅಜ್ಜಿಯರನ್ನು ಹೊತ್ತವರು. "ಏನೂಂದ್ರೆ! ಏನೂಂದ್ರೆ!" ಎನ್ನುತ್ತ ಅವರ ನಡುವೆ ನುಗ್ಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಸೇತುವೆಯ ಬಾಯಲ್ಲಿ ಇಂಗ್ಲಿಷರ ಕೈಕೆಳಗಿನ ಸಿಖ್ ಪೊಲೀಸಿನವನೊಬ್ಬ ಲಾಠಿ ಅಡ್ಡ ಹಿಡಿದಿದ್ದ.

"ಕಿಸ್ಕೋ ಢೂಂಢತೀ ಹೋ, ಬಹೆನ್?" ಯಾರನ್ನು ಹುಡುಕುತ್ತಿದ್ದೀಯೆಂದು ಕೇಳಿದ.

"ಮೈ ಹಸ್ಬೆಂಡ್."

"ನಾಮ್ ಬೋಲೋ, ನಾಮ್!"

ಹೆಸರು ಹೇಳು ಎನ್ನುತ್ತಾನೆ, "ಏನೂಂದ್ರೆ" ಎಂದರೆ ಅವನಿಗೆ ಆದೀತೇ? ಹಿಂದೆ ಲಾಂಚ್ ಎರಡನೆಯ ಸಲ ಕೂಗಿತು.

ಆಗ ಕೂಗಿದೆ. ಪೂರ್ತಿ ಹೆಸರನ್ನಲ್ಲ. ಅವ್ವ ಹೊಲದ ಬದುವಿನಲ್ಲಿ ನಿಂತು ಕರೆಯುತ್ತಿದ್ದ ಮೋಟು ಹೆಸರನ್ನು, ಅವ್ವನ ಹಾಗೆಯೇ ಕೊನೆಯನ್ನು ಎಳೆದು. ಸೇತುವೆಯ ಕಂಬಿಗೆ ಆತು ನಿಂತಿದ್ದ ಒಂದು ತಲೆ ಸಟ್ಟನೆ ತಿರುಗಿತು.

ಬಂದವರ ಕೈ ಖಾಲಿ. "ದಾಟಕೆ ಬುಡ್ನಿಲ್ಲ ಕಣಮ್ಮಿ. ಬುಟ್ಟಾರು ಅಂತ ನಿಂತಿದ್ದೆ. ಅವ್ವ ಕರ್ದಂಗಾಯ್ತು."

ಓಡಿದೆವು. ಲಾಂಚ್ ದಡ ಬಿಟ್ಟ ಮೇಲೂ ಅವರು ಸೇತುವೆಯಾಚೆ ಏಳುತ್ತಿದ್ದ ಹೊಗೆಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲಿ ಕರಿಯಮ್ಮಿ," ಎಂದರು ಮೆಲ್ಲಗೆ. "ಅವ್ವನಂಗೆ."

ಬಾಯಿ ತೆರೆದೆ. ಆ ಲಾಂಚಿನಲ್ಲಿ ಕನ್ನಡ ಬಲ್ಲವರು ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಆದರೂ ಆ ಹೆಸರು ಬರಲಿಲ್ಲ.

"ಏನೂಂದ್ರೆ..." ಎಂದೆ.

ಅವರು ತಲೆಯಾಡಿಸಿ ಮತ್ತೆ ನೀರಿನ ಕಡೆ ತಿರುಗಿದರು.