ಊಟದ ಸಾಲಿನಲ್ಲಿ ಆಡಿದ ಮಾತು

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಕಡೂರಿನಲ್ಲಿ ನಾನು ಹುರಿಹಿಟ್ಟು ಮಾಡುವ ಸಣ್ಣ ಘಟಕ ನಡೆಸುತ್ತಿದ್ದೆ. ಸುತ್ತಲಿನ ಹಳ್ಳಿಗಳ ಎಳೆಮಕ್ಕಳಿಗೆ ಒಳ್ಳೆಯ ರಾಗಿ ಹಿಟ್ಟು ಸಿಗಲಿ ಎಂದೇ ಅದನ್ನು ಶುರುಮಾಡಿದ್ದು. ಕೆಲಸಕ್ಕೆ ಏಳು ಜನ ಹೆಂಗಸರಿದ್ದರು. ಮಧ್ಯಾಹ್ನ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಅಲ್ಲಿ ಯಾರ ತಪ್ಪನ್ನಾದರೂ, ನನ್ನದನ್ನೂ, ಎತ್ತಿ ಆಡಬಹುದು ಎಂಬ ಪದ್ಧತಿ ಮಾಡಿದವನು ನಾನೇ.

ಒಂದು ದಿನ ಮಾಲು ನೋಡಲು ಬಂದ ತರೀಕೆರೆಯ ಅಂಗಡಿಯವರೊಬ್ಬರು ನಮ್ಮ ಜೊತೆ ಊಟಕ್ಕೆ ಕೂತಿದ್ದರು. ಆಗ ರಾಗಿ ಹುರಿಯುವಾಕೆ ಹೇಳಿದಳು: "ಅಣ್ಣಾ, ನಿನ್ನೆ ಬೀಸಿದ ಹಿಟ್ಟು ಮುಗ್ಗಲು ವಾಸ್ನೆ ಬತ್ತೈತೆ. ಮಕ್ಳು ತಿನ್ನೋದು, ಕಳಿಸ್ಬ್ಯಾಡಿ."

ಆ ವಾಸನೆ ಬೆಳಿಗ್ಗೆಯೇ ನನ್ನ ಮೂಗಿಗೂ ಬಡಿದಿತ್ತು. ಆದರೆ ಹೊರಗಿನವರ ಮುಂದೆ ಮಾನ ಹೋದಂತಾಯಿತು. "ಈವಮ್ಮಂಗೆ ನೆಗಡಿ ಕಣ್ರೀ. ಮನೇಲಿ ಸಾರು ಸೀದ್ರೂ ಗೊತ್ತಾಗಲ್ಲ," ಎಂದೆ. ಅಂಗಡಿಯವರು ನಕ್ಕರು. ಉಳಿದ ಆರು ಜನ ನನ್ನ ಮುಖ ನೋಡಿ ತಾವೂ ನಕ್ಕರು.

ಅವಳು ಅರ್ಧ ಊಟಕ್ಕೇ ಬುತ್ತಿ ಕಟ್ಟಿಕೊಂಡು ಎದ್ದಳು. "ಮಾತಾಡ್ರಿ ಅಂದೋರು ನೀವೇ ಅಲ್ವೇನಣ್ಣ? ನಂಬ್ಬಿಟ್ಟೆ," ಎಂದಳು. ಮಾರನೆಯ ದಿನದಿಂದ ಬರಲಿಲ್ಲ.

ಆ ಹಿಟ್ಟನ್ನು ನಾನು ಯಾರಿಗೂ ಹೇಳದೆ ಗುಂಡಿಗೆ ಸುರಿದೆ. ಅವಳು ಹೇಳಿದ್ದು ಸರಿಯೆಂದು ಸಾಲಿನಲ್ಲಿ ಕೂತು ಒಪ್ಪಿಕೊಳ್ಳಲಿಲ್ಲ. ಘಟಕ ಮುಚ್ಚುವವರೆಗೂ ನಾವು ಒಟ್ಟಿಗೇ ಉಂಡೆವು. ಉಪ್ಪು, ನೀರು ಕೇಳುವುದು ಬಿಟ್ಟರೆ ಬೇರೆ ಮಾತಿರಲಿಲ್ಲ.

ಯಗಟಿ ಬಸ್ಸಿನಲ್ಲಿ ಬಂದು ಒಲೆಯ ಮುಂದೆ ನಿಲ್ಲುತ್ತಿದ್ದ ಆ ತಂಗಿಯ ಕ್ಷಮೆಯನ್ನು ನಾನು ಇವತ್ತಿಗೂ ಕೇಳಿಲ್ಲ.